ಎಡಭುಜದಿಂದ ಬಲಭುಜಕ್ಕೆ

ನಾನು ಪಿಟೀಲು ರಿಪೇರಿ ಮಾಡುವವನು. ಬಸ್ ಡಿಪೋದ ಹಿಂದಿನ ಓಣಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಬಿರುಕು ಬಿಟ್ಟ ಹಲಗೆಗೆ ಅಂಟು ಹಾಕುವುದು, ಕಮಾನಿಗೆ ಹೊಸ ಕುದುರೆಕೂದಲು ಕಟ್ಟುವುದು, ಸಡಿಲವಾದ ಬಿರಡೆಗಳನ್ನು ಬಿಗಿ ಮಾಡುವುದು, ಇಷ್ಟರಲ್ಲೇ ನನ್ನ ದಿನ ಮುಗಿಯುತ್ತದೆ. ಮದುವೆಯಾದದ್ದೂ ಈ ಕೆಲಸದ ದೆಸೆಯಿಂದಲೇ. ಡಿಪೋದಲ್ಲಿ ಡ್ರೈವರ್ ಆಗಿದ್ದ ಒಬ್ಬರು ಕಿರಿಮಗಳ ಪಿಟೀಲಿಗೆ ತಂತಿ ಹಾಕಿಸಲು ಆಗಾಗ ಬರುತ್ತಿದ್ದರು. ಅವರಿಗೆ ಡ್ಯೂಟಿ ಇದ್ದ ದಿನ ಹಿರಿಮಗಳು ಬರುತ್ತಿದ್ದಳು. ಒಂದು ತಂತಿ ಹಾಕುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ ಎಂದು ನನ್ನ ಹೆಂಡತಿ ಇವತ್ತಿಗೂ ನೆಂಟರಿಷ್ಟರ ಮುಂದೆ ನನ್ನ ಮಾನ ಕಳೆಯುತ್ತಾಳೆ.

ಆ ಕಿರಿಮಗಳೇ ನನ್ನ ನಾದಿನಿ, ಗುಬ್ಬಿ. ಹುಟ್ಟಿದಾಗ ಅಷ್ಟು ಸಣ್ಣಗಿದ್ದಳಂತೆ, ಹಾಗಾಗಿ ಆ ಹೆಸರು. ದೊಡ್ಡವಳಾದ ಮೇಲೂ ಹೇಳಿಕೊಳ್ಳುವಂಥ ಎತ್ತರವೇನೂ ಬರಲಿಲ್ಲ. ಆದರೆ ಪಿಟೀಲು ಎತ್ತಿ ಎಡಭುಜಕ್ಕಿಟ್ಟುಕೊಂಡಳೆಂದರೆ ಎದುರಿಗಿದ್ದವರು ತಮಗೆ ಗೊತ್ತಿಲ್ಲದೆಯೇ ನೆಟ್ಟಗೆ ಕೂರುತ್ತಿದ್ದರು. ನಾನು ದೊಡ್ಡ ದೊಡ್ಡವರ ವಾದ್ಯಗಳನ್ನು ಮುಟ್ಟಿದವನು, ಅವರು ಪರೀಕ್ಷೆಗೆಂದು ನುಡಿಸಿದ್ದನ್ನು ಹತ್ತಿರದಿಂದ ಕೇಳಿದವನು. ಅವರಲ್ಲಿ ಕೆಲವರ ವೇಗ ಕಣ್ಣು ಕೋರೈಸುವಂತಿರುತ್ತದೆ. ಗುಬ್ಬಿಯದು ವೇಗವಲ್ಲ. ಅವಳು ಒಂದು ಸ್ವರ ಹಿಡಿದರೆ ಅದು ತೆಳ್ಳಗೆ, ಒಂಚೂರು ಒರಟಾಗಿ, ಬೆಳಗ್ಗೆ ಎದ್ದವರ ಮೊದಲ ಮಾತಿನ ಹಾಗೆ ಇರುತ್ತಿತ್ತು. ಅಂಥ ದನಿ ನಾನು ಬೇರೆ ಯಾರ ಕೈಯಲ್ಲೂ ಕೇಳಿಲ್ಲ.

ಇಪ್ಪತ್ತೆರಡು ತುಂಬಿದ ವರ್ಷ ಅವಳಿಗೆ ‘ವರ್ಷದ ಹೊಸ ಪ್ರತಿಭೆ’ ಪ್ರಶಸ್ತಿ ಬಂತು. ಸಂಗೀತದಲ್ಲಿ ಹೊಸಬರಿಗೆ ಅದಕ್ಕಿಂತ ದೊಡ್ಡದಿರಲಿಲ್ಲ. ಆ ಸಂಜೆ ಮಾವನವರ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಡಿಪೋದ ಅರ್ಧ ಜನ ಡ್ಯೂಟಿ ಬಟ್ಟೆಯಲ್ಲೇ ಬಂದು ಟಿವಿ ಮುಂದೆ ಕುಳಿತಿದ್ದರು. ಅವಳ ಹೆಸರು ಕರೆದಾಗ ಎದ್ದ ಕೂಗಿಗೆ ಎದುರು ಮನೆಯವರು ಕಿಟಕಿ ತೆಗೆದು ನೋಡಿದರು. ಮಾರನೇ ದಿನ ಮಾವ ಬಸ್ ಓಡಿಸುತ್ತಿರುವಾಗ ಹತ್ತಿದವರೆಲ್ಲ ಅಭಿನಂದನೆ ಹೇಳಿ, ಅವರು ಅದೇ ಗುಂಗಿನಲ್ಲಿ ಮಾರ್ಕೆಟ್ ಸ್ಟಾಪಿನಲ್ಲಿ ನಿಲ್ಲಿಸದೆ ಹೋಗಿಬಿಟ್ಟರು. ಇಳಿಯಬೇಕಿದ್ದ ಹೆಂಗಸೊಬ್ಬರು ಬೈಯಲು ಬಂದವರು, ವಿಷಯ ತಿಳಿದು ಮುಂದಿನ ಸ್ಟಾಪಿನಿಂದ ನಡೆದುಕೊಂಡೇ ವಾಪಸ್ ಹೋದರಂತೆ.

ಅದೇ ವಾರ ಟಿವಿಯಲ್ಲಿ ಒಂದು ಚರ್ಚೆ ಬಂತು. ಪ್ರಶಸ್ತಿ ಗೆದ್ದ ಹೊಸಬರು ನಿಜವಾಗಿ ಉಳಿಯುತ್ತಾರಾ ಎಂಬುದು ವಿಷಯ. ಸಂಗೀತ ವಿಮರ್ಶಕರೊಬ್ಬರು ಹಿಂದಿನ ವಿಜೇತರನ್ನು ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ಮಾತಾಡಿದರು. ಒಬ್ಬ ಈಗ ಪರದೆ ಬಟ್ಟೆಯ ಅಂಗಡಿಯಲ್ಲಿದ್ದಾನೆ. ಒಬ್ಬಳು ಜಾಹೀರಾತಿಗೆ ಹಾಡಿ ಹಾಡಿ ಸಾಕಾಗಿ ಬಿಟ್ಟಿದ್ದಾಳೆ. ಇನ್ನೊಬ್ಬ ಎಲ್ಲಿದ್ದಾನೋ ಅವನ ಮನೆಯವರಿಗೇ ಗೊತ್ತಿಲ್ಲ. “ಈ ಹುಡುಗಿ ಐದು ವರ್ಷ ಉಳಿದರೆ ಹೆಚ್ಚು” ಎಂದು ನಗುತ್ತಲೇ ಹೇಳಿದರು.

ಮಾವ ಎದ್ದು ಟಿವಿ ಆರಿಸಿದರು. “ಇವರಿಗೆ ಬೇರೆ ಕಸುಬಿಲ್ಲ. ನಿನ್ನೆ ಗೆದ್ದೋಳ ಬಗ್ಗೆ ಇವತ್ತೇ ಹೀಗೆ ಮಾತಾಡ್ತಾರಲ್ಲ, ಬಾಯಿಗೆ ಬೀಗ ಬೇಡ್ವಾ?”

“ಬಿಡಪ್ಪ” ಎಂದಳು ಗುಬ್ಬಿ. “ಅವರು ಹೇಳಿದ್ದು ಸುಳ್ಳೇನಲ್ಲ. ಆ ಪರದೆ ಅಂಗಡಿಯವನು ಕೀಬೋರ್ಡ್ ಎಷ್ಟು ಚೆನ್ನಾಗಿ ನುಡಿಸ್ತಿದ್ದ ಗೊತ್ತಾ? ನಾನು ಸ್ಕೂಲಲ್ಲಿದ್ದಾಗ ಅವನನ್ನ ಕೇಳಿ ಅತ್ತುಬಿಟ್ಟಿದ್ದೆ.”

ಐದು ವರ್ಷ ಭರ್ಜರಿಯಾಗಿಯೇ ನಡೆಯಿತು. ಊರೂರು ಕಛೇರಿ, ಎರಡು ಆಲ್ಬಂ, ವಿದೇಶ ಪ್ರವಾಸ. ಅವಳ ಕಾರ್ಯಕ್ರಮಗಳನ್ನೆಲ್ಲ ನೋಡಿಕೊಳ್ಳಲು ಒಬ್ಬ ಮ್ಯಾನೇಜರ್. ಊರಿಗೆ ಬಂದಾಗಲೆಲ್ಲ ಅಂಗಡಿಗೆ ಬಂದು ನನ್ನ ಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತು, “ಭಾವ, ಇದರ ಹೊಟ್ಟೆಲಿ ಏನೋ ಗುರ್ ಅಂತಿದೆ ನೋಡಿ” ಎಂದು ಪಿಟೀಲು ಕೊಡುತ್ತಿದ್ದಳು. ಅದನ್ನು ತೋರಿಸುವ ನೆಪದಲ್ಲಿ ನನಗೆ ಅರ್ಧ ಕಛೇರಿ ಪುಕ್ಕಟೆ.

ಒಂದು ಸಲ ಬಂದವಳು, “ಕುದುರೆ ಎತ್ತರ ಆಗಿದೆ ಅನ್ಸುತ್ತೆ ಭಾವ, ಸ್ವಲ್ಪ ತಗ್ಗಿಸಿಕೊಡಿ” ಎಂದಳು. ತಂತಿಗಳನ್ನು ಹೊತ್ತು ನಿಲ್ಲುವ ಪುಟ್ಟ ಹಲಗೆಗೆ ಕುದುರೆ ಎನ್ನುತ್ತೇವೆ. ತಗ್ಗಿಸಿಕೊಟ್ಟೆ. ಕೆಲವೇ ದಿನಗಳಲ್ಲಿ ಮತ್ತೆ ಬಂದಳು, ತಂತಿ ಗಟ್ಟಿಯಾಗಿದೆ ಎಂದಳು. ಬದಲಾಯಿಸಿದೆ. ಮೂರನೆಯ ಸಲ ಬಂದಾಗ ಕತ್ತಿನ ಹಲಗೆ ಸೊಟ್ಟಗಾಗಿದೆ ಎಂದಳು. ಪಟ್ಟಿ ಇಟ್ಟು ನೋಡಿದೆ, ದಾರ ಎಳೆದ ಹಾಗೆ ನೇರವಾಗಿತ್ತು. ವಾದ್ಯ ಸರಿಯಾಗಿಯೇ ಇದೆ ಎಂದು ನನಗೆ ಗೊತ್ತಾಯಿತು. ಅವಳಿಗೂ ಗೊತ್ತಿದೆ ಎಂಬುದೂ ಗೊತ್ತಾಯಿತು.

“ಒಂದು ಸಲ ನುಡಿಸು ನೋಡೋಣ” ಎಂದೆ.

ನುಡಿಸತೊಡಗಿದಳು. ಎಡಗೈಯ ಕಿರುಬೆರಳು ತಂತಿಯ ಮೇಲೆ ಬೀಳಬೇಕಾದ ಜಾಗದಲ್ಲಿ ಬೀಳದೆ, ಮುದುರಿಕೊಂಡು ಅಂಗೈಯೊಳಕ್ಕೆ ಹೋಯಿತು. ಪಕ್ಕದ ಉಂಗುರಬೆರಳೂ ಅದರ ಹಿಂದೆಯೇ ಹೋಯಿತು. ಅವಳು ನಿಲ್ಲಿಸಿ, ಬೆರಳುಗಳನ್ನು ಬಿಡಿಸಿ, ಮತ್ತೆ ಹಿಡಿದಳು. ಮತ್ತೆ ಮುದುರಿದವು. ನೋವಿರಲಿಲ್ಲ. ಅದೇ ಕೈಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಳು, ಗುಂಡಿ ಹಾಕಿಕೊಳ್ಳುತ್ತಿದ್ದಳು, ಚಮಚ ಹಿಡಿಯುತ್ತಿದ್ದಳು. ಪಿಟೀಲು ಮುಟ್ಟಿದರೆ ಮಾತ್ರ ಹೀಗೆ.

ನಾನು, ನನ್ನ ಹೆಂಡತಿ, ಗುಬ್ಬಿ ಮೂವರೂ ದೊಡ್ಡ ಡಾಕ್ಟರ ಹತ್ತಿರ ಹೋದೆವು. ಅವರು ಕೈಯನ್ನು ಹಿಂದೆ ಮುಂದೆ ತಿರುಗಿಸಿ, ಯಂತ್ರಗಳಲ್ಲೆಲ್ಲ ನೋಡಿ, ಪಿಟೀಲನ್ನೂ ನುಡಿಸಲು ಹೇಳಿ ನೋಡಿ, ಆಮೇಲೆ ಕನ್ನಡಕ ತೆಗೆದಿಟ್ಟರು.

“ಬೆರಳಿಗೆ ಏನೂ ಆಗಿಲ್ಲಮ್ಮ. ಮೂಳೆ, ನರ ಎಲ್ಲ ಸರಿಯಾಗಿದೆ. ಒಂದೇ ಸೂಕ್ಷ್ಮ ಕೆಲಸಾನ ವರ್ಷಗಟ್ಟಲೆ ಮಾಡಿ ಮಾಡಿ, ಮೆದುಳಿನಲ್ಲಿ ಈ ಎರಡು ಬೆರಳುಗಳ ಗುರುತು ಒಂದಕ್ಕೊಂದು ಕಲೆಸಿಹೋಗಿದೆ. ಸಂಗೀತಗಾರರಲ್ಲಿ ಕೆಲವರಿಗೆ ಹೀಗಾಗುತ್ತೆ.”

“ಎಷ್ಟು ದಿನಕ್ಕೆ ಸರಿಹೋಗುತ್ತೆ ಡಾಕ್ಟ್ರೇ?” ನನ್ನ ಹೆಂಡತಿ ಕೇಳಿದಳು.

ಅವರು ಮಾತನ್ನು ಅಳೆದು ತೂಗಿ ಹೇಳಿದರು. “ಪ್ರಯತ್ನ ಮಾಡೋಣ. ಸ್ವಲ್ಪ ಸುಧಾರಿಸಿದವರು ಇದ್ದಾರೆ. ಮೊದಲಿನ ಹಾಗೇ ವೇದಿಕೆಗೆ ವಾಪಸ್ ಹೋದವರು ಬಹಳ ಕಡಿಮೆ.”

ಒಂದು ವರ್ಷಕ್ಕೂ ಹೆಚ್ಚು ಕಾಲ ಇಂಜೆಕ್ಷನ್, ಪಟ್ಟಿ, ವ್ಯಾಯಾಮ ಎಲ್ಲ ನಡೆಯಿತು. ಬೆರಳು ತನ್ನ ಹಟ ಬಿಡಲಿಲ್ಲ. ಕಾರ್ಯಕ್ರಮಗಳು ಒಂದೊಂದಾಗಿ ಕಳಚಿಕೊಂಡವು. ಮ್ಯಾನೇಜರ್ ಮೊದಲು ದಿನಾ ಫೋನ್ ಮಾಡುತ್ತಿದ್ದವನು ವಾರಕ್ಕೊಮ್ಮೆ ಮಾಡಿದ, ಆಮೇಲೆ ಹುಟ್ಟುಹಬ್ಬಕ್ಕೆ ಮಾಡಿದ, ಆಮೇಲೆ ಅದೂ ಇಲ್ಲ. ವಾರಪತ್ರಿಕೆಯೊಂದು ‘ಇವರೆಲ್ಲ ಎಲ್ಲಿ ಹೋದರು?’ ಎಂಬ ಲೇಖನದಲ್ಲಿ ಅವಳ ಫೋಟೋ ಹಾಕಿತು. ನನ್ನ ಹೆಂಡತಿ ಅದನ್ನು ತಂಗಿಯ ಕಣ್ಣಿಗೆ ಬೀಳದ ಹಾಗೆ ಹಾಸಿಗೆಯ ಕೆಳಗೆ ಬಚ್ಚಿಟ್ಟಳು. ಗುಬ್ಬಿ ಅದನ್ನು ಎರಡು ದಿನ ಮೊದಲೇ ಸಲೂನಿನಲ್ಲಿ ಓದಿದ್ದಳು. “ಫೋಟೋ ಚೆನ್ನಾಗಿ ಬಂದಿದೆ ಅಲ್ವಾ ಅಕ್ಕ?” ಎಂದು ತಾನೇ ಕೇಳಿದಳು.

ಹಾಗೆ ಒಂದು ಬೆಳಗ್ಗೆ ಅಂಗಡಿಗೆ ಬಂದು, “ಭಾವ, ನನಗೊಂದು ಕೆಲಸ ಕೊಡಿ. ಮನೇಲಿ ಗೋಡೆ ನೋಡ್ತಾ ಕೂತ್ರೆ ತಲೆ ಕೆಡುತ್ತೆ” ಎಂದಳು. ಕಮಾನಿಗೆ ಕೂದಲು ಕಟ್ಟುವುದನ್ನು ಹೇಳಿಕೊಟ್ಟೆ. ನೂರಾರು ಕೂದಲನ್ನು ಒಂದೇ ಬಿಗಿಯಲ್ಲಿ ಬಾಚಿ, ತುದಿಗೆ ಗಂಟು ಹಾಕಿ, ಸಣ್ಣ ಬೆಣೆ ಬಡಿದು ಕೂರಿಸಬೇಕು. ನನಗಿಂತ ಬೇಗ ಕಲಿತಳು. ಅದೇ ಎಡಗೈ, ಅದೇ ಕಿರುಬೆರಳು ಎಷ್ಟು ಚೊಕ್ಕವಾಗಿ ಕೂದಲು ಒತ್ತಿ ಹಿಡಿಯುತ್ತಿತ್ತೆಂದರೆ, ನೋಡಿ ನನಗೇ ಸಿಟ್ಟು ಬರುತ್ತಿತ್ತು. ಗಿರಾಕಿಗಳು ಕಮಾನು ಪರೀಕ್ಷಿಸಲು ನುಡಿಸತೊಡಗಿದರೆ ಅವಳು ಏನಾದರೂ ನೆಪ ಹೇಳಿ ಹಿತ್ತಲಿಗೆ ಹೋಗುತ್ತಿದ್ದಳು.

ಈಗ ನನ್ನ ಹೆಂಡತಿಯ ಬಗ್ಗೆ ಒಂದು ಮಾತು. ಅವಳು ಹುಟ್ಟಾ ಎಡಚಿ. ಶಾಲೆಯಲ್ಲಿ ಬಲಗೈಯಲ್ಲೇ ಬರೆಯಬೇಕೆಂದು ಗದರಿಸಿದ್ದರಿಂದ ಬರವಣಿಗೆ ಬಲಗೈಯಲ್ಲಿ, ಮಿಕ್ಕ ಕೆಲಸವೆಲ್ಲ ಎಡಗೈಯಲ್ಲಿ. ಒಂದು ಮಧ್ಯಾಹ್ನ ಮೂವರೂ ಮೇಲೆ ಊಟಕ್ಕೆ ಕೂತಿದ್ದೆವು. ಅವಳು ಹಣ್ಣು ಹೆಚ್ಚುತ್ತಿದ್ದವಳು ತಂಗಿಯ ಸಪ್ಪೆ ಮುಖ ನೋಡಿ ರೇಗಿಕೊಂಡಳು.

“ಎಷ್ಟು ದಿನ ಅಂತ ಆ ಕೈನೇ ನೋಡ್ಕೊಂಡು ಕೂತ್ಕೋತೀಯ? ಈ ಕೈ ಕೆಟ್ಟರೆ ಆ ಕೈಲಿ ನುಡಿಸು. ನಾನು ಬಲಗೈಲಿ ಬರೆಯೋದು ಕಲೀಲಿಲ್ವಾ?”

ನನಗೆ ನಗು ಬಂತು. “ಅದು ಪೆನ್ನಲ್ಲ ಕಣೇ, ಪಿಟೀಲು. ತಂತಿ ಅದಲುಬದಲು ಮಾಡಿದ್ರೆ ಮುಗೀಲಿಲ್ಲ. ಒಳಗೆ ದಪ್ಪ ತಂತಿ ಕೆಳಗೊಂದು ಮರದ ಪಟ್ಟಿ ಅಂಟಿಸಿರ್ತಾರೆ, ತೆಳು ತಂತಿ ಕಡೆಗೊಂದು ಕಡ್ಡಿ ನಿಲ್ಲಿಸಿರ್ತಾರೆ. ಮೇಲಿನ ಹಲಗೆ ಬಿಚ್ಚಿ ಅದನ್ನೆಲ್ಲ ಆ ಕಡೆಯಿಂದ ಈ ಕಡೆಗೆ ತರಬೇಕು. ಇಡೀ ವಾದ್ಯಾನೇ ತಿರುಗಿಸಿದ ಹಾಗೆ.”

ಗುಬ್ಬಿ ನಗಲಿಲ್ಲ. ತುತ್ತು ಕೈಯಲ್ಲೇ ಇತ್ತು.

“ತಿರುಗಿಸೋಕಾಗುತ್ತಾ ಭಾವ?”

“ಆಗೋದೇನೋ ಆಗುತ್ತೆ. ಆದ್ರೆ…”

“ಆದ್ರೆ ಬೇಡ. ಆಗುತ್ತಲ್ಲ, ಅಷ್ಟು ಸಾಕು.”

ಶಾಲೆಯೊಂದರಿಂದ ಬಂದು ಯಾರೂ ಕೇಳದೆ ಬಿದ್ದಿದ್ದ ಹಳೆಯ ಪಿಟೀಲೊಂದನ್ನು ಬಿಚ್ಚಿ, ಒಳಗಿನದನ್ನೆಲ್ಲ ತಿರುಗಿಸಿ, ಬಲಭುಜದ ಮೇಲಿಟ್ಟು ನುಡಿಸುವ ಹಾಗೆ ಮಾಡಿಕೊಟ್ಟೆ. ಡಾಕ್ಟರೂ ಅಡ್ಡ ಹೇಳಲಿಲ್ಲ. ಕಮಾನು ಹಿಡಿಯುವುದು ಬೇರೆಯೇ ಕೆಲಸ, ಎಡಗೈ ಒಪ್ಪಿದರೂ ಒಪ್ಪಬಹುದು ಎಂದರು. ಮೊದಲ ದಿನ ಅವಳು ಅಂಗಡಿಯ ನಡುವೆ ನಿಂತು ಎಡಗೈಯಲ್ಲಿ ಕಮಾನು ಎಳೆದಳು. ಮೇಲಿನಿಂದ ನನ್ನ ಹೆಂಡತಿ ಕೂಗಿದಳು: “ರೀ, ಆ ಹಿತ್ತಲ ಬಾಗಿಲಿಗೆ ಎಣ್ಣೆ ಬಿಡಿ ಅಂತ ಎಷ್ಟು ಸಲ ಹೇಳೋದು!”

ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತಲೇ ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಮತ್ತೆ ಎಳೆದಳು.

ಚಿಕ್ಕಂದಿನಲ್ಲಿ ಕಲಿಸಿದ ಮೇಷ್ಟ್ರು ಇನ್ನೂ ಪಾಠ ಹೇಳುತ್ತಿದ್ದರು. ಅವರ ಹತ್ತಿರ ಹೋದಳು. ಅವರು ಕೇಳಿ, “ಮೊದಲನೇ ಕ್ಲಾಸು ಶನಿವಾರ ಬೆಳಗ್ಗೆ. ಬಂದು ಕೂತ್ಕೋ” ಎಂದರು. ಅಷ್ಟೇ. ಪ್ರಶಸ್ತಿ ಗೆದ್ದವಳು ಶನಿವಾರ ಬೆಳಗ್ಗೆ ಏಳು ವರ್ಷದ ಮಕ್ಕಳ ಜೊತೆ ಗಿಡ್ಡ ಕುರ್ಚಿಯಲ್ಲಿ ಕುಳಿತಳು. ಮುಂದಿನ ಹಲ್ಲು ಬಿದ್ದ ಪುಟ್ಟಿಯೊಬ್ಬಳು, “ಆಂಟಿ, ನೀವು ತಪ್ಪು ಕೈಲಿ ಹಿಡ್ಕೊಂಡಿದೀರ” ಎಂದು ಎದ್ದು ಬಂದು ಸರಿಮಾಡಲು ನೋಡಿದಳಂತೆ. ವರ್ಷದ ಕೊನೆಗೆ ಆ ಮಕ್ಕಳೆಲ್ಲ ಎರಡನೇ ಕ್ಲಾಸಿಗೆ ಹೋದರು. ಮೇಷ್ಟ್ರು ಗುಬ್ಬಿಯನ್ನು ಮಾತ್ರ ಪಾಸು ಮಾಡಲಿಲ್ಲ. “ಇನ್ನೊಂದು ವರ್ಷ ಕೂತ್ಕೋ” ಎಂದರು. ಹೊಸ ಮಕ್ಕಳ ಜೊತೆ ಮತ್ತೆ ಕುಳಿತಳು.

ನನಗೆ ಮೇಷ್ಟ್ರ ಮೇಲೆ ಕೆಂಡದಂಥ ಕೋಪ. ಅವಳಿಗಿರಲಿಲ್ಲ. “ಅವರು ಮಾಡಿದ್ದು ಸರಿ ಭಾವ” ಎಂದಳು. “ನನ್ನ ಕಿವಿಗೆ ಎಲ್ಲ ಗೊತ್ತು, ಕೈಗೆ ಏನೂ ಗೊತ್ತಿಲ್ಲ. ಆ ಮಕ್ಕಳಿಗೆ ಈ ಕಷ್ಟ ಇಲ್ಲ ನೋಡಿ. ತಾವು ಕೆಟ್ಟದಾಗಿ ನುಡಿಸ್ತಿದೀವಿ ಅಂತಾನೇ ಅವಕ್ಕೆ ಗೊತ್ತಾಗಲ್ಲ. ನನಗೆ ಪ್ರತಿಯೊಂದು ಸ್ವರಾನೂ ಹಲ್ಲು ಕಿತ್ತ ಹಾಗಾಗುತ್ತೆ.”

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಏನೂ ಬಾರದವನು ಕಲಿಯುವುದರಲ್ಲಿ ಒಂದು ಸುಖವಿದೆ, ದಿನದಿನಕ್ಕೂ ಏನಾದರೊಂದು ಸಿಕ್ಕುತ್ತದೆ. ಎಲ್ಲ ಬರುತ್ತಿದ್ದವಳು ಏನೂ ಬಾರದವಳಾಗಿ ಕೂತು, ತನ್ನ ಕಿವಿಯ ಬೈಗುಳವನ್ನು ತಾನೇ ಕೇಳಿಕೊಂಡು, ಮಾರನೇ ದಿನ ಮತ್ತೆ ಬಂದು ಕೂರುವುದು ಎಂಥ ಗಟ್ಟಿತನ! ನಾನಾಗಿದ್ದರೆ ವಾರಕ್ಕೆ ಮುಂಚೆ ಪಿಟೀಲನ್ನು ಅಟ್ಟದ ಮೇಲೆ ಎಸೆಯುತ್ತಿದ್ದೆ.

ಅಂಗಡಿಯಲ್ಲಿ ಕೆಲಸ ಮುಗಿದ ಮೇಲೆ ಅಲ್ಲೇ ಮೂಲೆಯಲ್ಲಿ ನಿಂತು ಸಾಧನೆ ಮಾಡುತ್ತಿದ್ದಳು. ಅಷ್ಟರಲ್ಲಿ ಮಾವನವರಿಗೆ ನಿವೃತ್ತಿಯಾಗಿತ್ತು. ಅವರು ಸಂಜೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಗಿರಾಕಿಯೊಬ್ಬರು ಕಿವಿ ಮುಚ್ಚಿಕೊಂಡು, “ಏನು ಸ್ವಾಮಿ ಇದು ಕರ್ಕಶ” ಎಂದಾಗ ಮಾವ ಶಾಂತವಾಗಿ ಹೇಳಿದರು: “ನಾನು ಬಸ್ ಕಲಿಯುವಾಗ ಗೇರ್ ಹಾಕಿದ್ರೆ ಹೀಗೇ ಕಿರ್ ಅಂತಿತ್ತು. ಆಮೇಲೆ ಮೂವತ್ತು ವರ್ಷ ಊರ ಜನಾನ ಹೊತ್ತು ತಿರುಗಲಿಲ್ವಾ?” ಇಷ್ಟು ಹೇಳಿ, ಮಗಳ ಕಿರುಗುಟ್ಟುವಿಕೆಯ ನಡುವೆಯೇ ಗೋಡೆಗೊರಗಿ ಗೊರಕೆ ಹೊಡೆಯತೊಡಗಿದರು.

ಒಮ್ಮೆ ಮಾತ್ರ ಅವಳು ಬಿಟ್ಟಳು. ಮೂರನೆಯ ವರ್ಷವಿರಬೇಕು. ಒಂದು ಸುಲಭದ ಸಾಲು ವಾರಗಟ್ಟಲೆ ಕೈಗೆ ಕೂರದೆ, ಪಿಟೀಲನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟು, “ಸಾಕು ಭಾವ” ಎಂದು ಹೋದವಳು ಹಲವಾರು ದಿನ ಬರಲೇ ಇಲ್ಲ. ನಾನೂ ಕರೆಯಲಿಲ್ಲ. ಏನೆಂದು ಕರೆಯಲಿ? ಅವಳೇ ಒಂದು ದಿನ ಬಂದು ಪೆಟ್ಟಿಗೆ ತೆಗೆದಳು. ಏನಾಯಿತೆಂದು ಕೇಳಿದ್ದಕ್ಕೆ, “ನಿನ್ನೆ ಬಟ್ಟೆ ಒಣಹಾಕ್ತಾ ಇದ್ದೆ. ಬಲಗೈ ಬೆರಳು ಹಗ್ಗದ ಮೇಲೆ ತಾವಾಗೇ ಆ ಸಾಲು ನುಡಿಸ್ತಿದ್ವು. ನಾನು ಹೇಳಿರಲಿಲ್ಲ. ಅವೇ ಶುರು ಮಾಡ್ಕೊಂಡಿದ್ವು” ಎಂದಳು. ಹೇಳುವಾಗ ಅವಳ ಮುಖದಲ್ಲಿ ಹೆದರಿಕೆಯೂ ಇತ್ತು, ಹಿಗ್ಗೂ ಇತ್ತು.

ಇನ್ನು ಮುಂದಿನದು ನನ್ನ ಜೀವಮಾನದಲ್ಲಿ ನಾನು ಕಂಡ ದೊಡ್ಡ ಸೋಜಿಗ. ಒಂದು ಮಧ್ಯಾಹ್ನ ಅಂಟು ತರಲು ಹೊರಗೆ ಹೋಗಿದ್ದೆ. ವಾಪಸ್ ಬರುತ್ತ ಓಣಿಯ ತಿರುವಿನಲ್ಲಿದ್ದಾಗ ಅಂಗಡಿಯಿಂದ ಪಿಟೀಲು ಕೇಳಿಸಿತು. ‘ಓ, ಗುಬ್ಬಿ ನುಡಿಸ್ತಿದಾಳೆ’ ಎಂದುಕೊಂಡು ಇನ್ನೂ ಹತ್ತು ಹೆಜ್ಜೆ ನಡೆದೆ. ಆಮೇಲೆ ಇದ್ದಕ್ಕಿದ್ದಂತೆ ನಿಂತೆ. ಯಾವ ಗುಬ್ಬಿ? ಅಷ್ಟು ವರ್ಷದಿಂದ ಅಂಗಡಿಯಲ್ಲಿ ಕೇಳುತ್ತಿದ್ದದ್ದು ಒಬ್ಬ ಕಲಿಯುವವಳ ಸದ್ದು. ಈಗ ಕೇಳುತ್ತಿದ್ದದ್ದು ಆ ಹಳೆಯ ದನಿ, ಅದೇ ತೆಳುವು, ಅದೇ ಒಂಚೂರು ಒರಟು. ಆ ದನಿ ಅವಳ ಎಡಗೈ ಬೆರಳ ತುದಿಯಲ್ಲಿತ್ತು, ಆ ಬೆರಳುಗಳ ಜೊತೆಗೇ ಹೋಯಿತು ಎಂದು ನಾನು ಅಂದುಕೊಂಡಿದ್ದೆ. ಈಗ ತಂತಿ ಒತ್ತುವ ಕೈ ಬೇರೆ, ಕಮಾನು ಎಳೆಯುವ ಕೈ ಬೇರೆ, ವಾದ್ಯ ಯಾವುದೋ ಶಾಲೆಯ ತಿಪ್ಪೆಗೆ ಹೋಗಬೇಕಿದ್ದ ಹಲಗೆ. ಆದರೂ ದನಿ ಅವಳದೇ. ಹಾಗಾದರೆ ಇಷ್ಟು ದಿನ ಅದು ಎಲ್ಲಿತ್ತು? ಎಲ್ಲಿ ಕೂತು ಕಾಯುತ್ತಿತ್ತು?

ನಾನು ಒಳಗೆ ಹೋಗಲಿಲ್ಲ. ಅಂಟಿನ ಡಬ್ಬ ಹಿಡಿದುಕೊಂಡು ಗೋಡೆ ಪಕ್ಕದಲ್ಲೇ ನಿಂತುಕೊಂಡೆ. ತರಕಾರಿ ಗಾಡಿಯವನು, “ಯಾಕಣ್ಣ, ಹುಷಾರಿಲ್ವಾ?” ಎಂದು ಕೇಳಿದ. ಇಲ್ಲ ಎಂದೆನೋ ಹೌದು ಎಂದೆನೋ ಗೊತ್ತಿಲ್ಲ.

ಮಾರನೇ ವಾರ ಅವಳು ತನ್ನ ಸ್ವಂತ ಪಿಟೀಲು ತಂದು ಬೆಂಚಿನ ಮೇಲಿಟ್ಟಳು. ಪ್ರಶಸ್ತಿ ಗೆದ್ದಾಗ ನುಡಿಸಿದ್ದು ಅದನ್ನೇ. “ಇದನ್ನೂ ತಿರುಗಿಸಿ ಭಾವ.”

“ಗುಬ್ಬಿ, ಒಂದು ಸಲ ಬಿಚ್ಚಿದ್ರೆ ಮತ್ತೆ ಮೊದಲಿನ ಹಾಗೆ ಆಗಲ್ಲ ಇದು. ಎಡಗೈ ನಾಳೆ ಸರಿಹೋದ್ರೆ?”

“ಸರಿಹೋದ್ರೆ ಕೂದಲು ಕಟ್ಟೋಕೆ ಇನ್ನೂ ಚೆನ್ನಾಗಾಗುತ್ತೆ” ಎಂದು ನಕ್ಕಳು. ಆಮೇಲೆ ಗಂಭೀರವಾಗಿ, “ನೀವೇ ಮಾಡಬೇಕು. ಬೇರೆಯವರ ಕೈಲಿ ಕೊಡಲ್ಲ” ಎಂದಳು.

ತೆಳು ಚಾಕುವನ್ನು ಹಲಗೆಯ ಸಂದಿಯಲ್ಲಿ ತೂರಿಸಿ ಒತ್ತಿದಾಗ ಹಳೆಯ ಅಂಟು ಟಪ್ ಎಂದು ಬಿಟ್ಟಿತು. ಆ ಸದ್ದಿಗೆ ನಾನು ಬೆಚ್ಚಿದೆ, ಅವಳು ಬೆಚ್ಚಲಿಲ್ಲ. ಎದುರಿಗೆ ಕುಳಿತು ಕೊನೆಯವರೆಗೂ ನೋಡಿದಳು. ನಾನು ಒಳಗಿನ ಪಟ್ಟಿ ಕೆತ್ತಿ ತೆಗೆದು ಆ ಬದಿಗೆ ಹೊಸದನ್ನು ಕೂರಿಸುವಾಗ ದೀಪ ಹಿಡಿದಿದ್ದಳು. ನನ್ನ ಕೈಯಿಂದ ಅಷ್ಟು ಶ್ರದ್ಧೆಯ ಕೆಲಸ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ.

ಅವಳಿಗೆ ಮೂವತ್ತೇಳಾದಾಗ ಊರಿನ ದೊಡ್ಡ ವಾದ್ಯವೃಂದದಲ್ಲಿ ಪಿಟೀಲಿನ ಒಂದು ಜಾಗ ಖಾಲಿಯಾಯಿತು. ಅಲ್ಲಿ ಆಯ್ಕೆ ಮಾಡುವಾಗ ನಡುವೆ ಪರದೆ ಕಟ್ಟುತ್ತಾರೆ. ನುಡಿಸುವವರು ಯಾರೆಂದು ಕೇಳುವವರಿಗೆ ಕಾಣಬಾರದು, ಹೆಸರೂ ಇಲ್ಲ. ನಾನು ಪಿಟೀಲಿನ ಪೆಟ್ಟಿಗೆ ಹಿಡಿದುಕೊಂಡು ಜೊತೆಗೆ ಹೋಗಿದ್ದೆ, ಪಕ್ಕದ ಬಾಗಿಲ ಹತ್ತಿರ ನಿಂತಿದ್ದೆ. ಅವಳು ನುಡಿಸಿ ಮುಗಿಸಿದಳು.  ಪರದೆಯ ಆ ಕಡೆಯಿಂದ ಒಂದು ದನಿ, “ಎರಡನೇ ಭಾಗ ಇನ್ನೊಂದು ಸಲ ನುಡಿಸ್ತೀರಾ?” ಎಂದಿತು. ನುಡಿಸಿದಳು. “ಮೊದಲನೇದನ್ನೂ ಒಂದು ಸಲ…” ಎಂದಿತು. ಅದನ್ನೂ ನುಡಿಸಿದಳು. ಪರೀಕ್ಷೆ ಮಾಡುತ್ತಿದ್ದಾರೋ ಸುಮ್ಮನೆ ಕೇಳಬೇಕೆನ್ನಿಸಿ ಕೇಳುತ್ತಿದ್ದಾರೋ ನನಗೆ ಅನುಮಾನ ಬಂತು.

ಎಲ್ಲರದೂ ಮುಗಿದ ಮೇಲೆ ಇವಳನ್ನು ಕರೆದು ಪರದೆ ಸರಿಸಿದರು. ವಾದ್ಯವೃಂದದ ನಿರ್ದೇಶಕರು ಕೈಕುಲುಕಲು ಎದ್ದವರು ಹಾಗೇ ನಿಂತರು. ಪಿಟೀಲು ಬಲಭುಜದ ಮೇಲಿತ್ತು.

“ಇದೇನು… ನೀವು ಈ ಕಡೆಯಿಂದ ನುಡಿಸಿದ್ರಾ?”

“ಹೌದು ಸರ್.”

“ಯಾವಾಗಿಂದ?”

“ಎಂಟು ವರ್ಷದಿಂದ. ಅದಕ್ಕೆ ಮುಂಚೆ ಆ ಕಡೆಯಿಂದ ನುಡಿಸ್ತಿದ್ದೆ.”

ಅವರಲ್ಲಿ ವಯಸ್ಸಾದವರೊಬ್ಬರು ಮುಂದೆ ಬಂದು ಅವಳ ಮುಖವನ್ನು ದಿಟ್ಟಿಸಿ ನೋಡಿದರು. “ನೀವು ಆ ಹುಡುಗಿ ಅಲ್ವಾ? ಹೊಸ ಪ್ರತಿಭೆ…” ಎಂದರು.

ನಿರ್ದೇಶಕರದು ಬೇರೆ ಚಿಂತೆ. ಸಾಲಿನಲ್ಲಿ ಕೂತವರ ಕಮಾನೆಲ್ಲ ಒಂದು ಕಡೆ ಹೋಗುವಾಗ ಇವಳದು ಎದುರು ದಿಕ್ಕಿಗೆ ಹೋಗಿ ಪಕ್ಕದವರ ಮೊಣಕೈಗೆ ಬಡಿಯುತ್ತದೆ. ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಂಡರು. ಕಡೆಗೆ ಹಿಂದಿನ ಸಾಲಿನ ಕೊನೆಯ ಮೂಲೆಯಲ್ಲಿ, ಗೋಡೆಯ ಕಡೆಗೆ ಅವಳ ಕಮಾನು ಚಾಚುವ ಹಾಗೆ ಒಂದು ಕುರ್ಚಿ ಹಾಕಿಸಿದರು. ಆ ಕುರ್ಚಿಯಲ್ಲಿ ಕೂತವರು ಸಾಮಾನ್ಯವಾಗಿ ವರ್ಷ ಕಳೆದ ಹಾಗೆ ಮುಂದಿನ ಸಾಲಿಗೆ ಬರುತ್ತಾರೆ. ಅವಳು ಬರಲಾರಳು, ಅಲ್ಲೇ ಇರಬೇಕು ಎಂದು ಮೊದಲೇ ಹೇಳಿದರು. ಅವಳು, “ಗೋಡೆ ಜೊತೆ ಜಗಳ ಆಗಲ್ಲ ಸರ್” ಎಂದಳು.

ಅಂದಿನಿಂದ ಅಲ್ಲೇ ಇದ್ದಾಳೆ. ಬೆಳಗ್ಗೆ ಅಭ್ಯಾಸ, ವಾರಕ್ಕೆರಡು ಕಾರ್ಯಕ್ರಮ, ಬಿಡುವಿನಲ್ಲಿ ನನ್ನ ಅಂಗಡಿ. ಪೋಸ್ಟರಿನಲ್ಲಿ ಹೆಸರಿಲ್ಲ. ಮತ್ತೆ ಯಾವ ಪ್ರಶಸ್ತಿಯೂ ಬರಲಿಲ್ಲ, ಬರುವಂತೆಯೂ ಇಲ್ಲ. ಕೆಲವು ವರ್ಷಗಳ ಹಿಂದೆ ಪತ್ರಿಕೆಯವಳೊಬ್ಬಳು, ಚಿಕ್ಕ ವಯಸ್ಸಿನವಳು, ಹುಡುಕಿಕೊಂಡು ಅಂಗಡಿಗೆ ಬಂದಿದ್ದಳು. ಅದೇ ಹಳೆಯ ಪ್ರಶ್ನೆ: “ಮೇಡಂ, ಪ್ರಶಸ್ತಿ ಗೆದ್ದ ಹೊಸಬರು ಯಾಕೆ ಉಳಿಯಲ್ಲ?”

ಗುಬ್ಬಿ ಕಮಾನಿನ ಬೆಣೆ ಕೂರಿಸುತ್ತಿದ್ದಳು. “ಯಾರು ಉಳಿದಿದಾರೆ, ಯಾರು ಹೋದ್ರು ಅಂತ ನನಗೆ ಹೇಳೋಕೆ ಬರಲ್ಲ ಕಣಮ್ಮ. ನನ್ನ ನಂತರದ ವರ್ಷ ಗೆದ್ದ ಕೊಳಲಿನವರು ಈಗಲೂ ಎಲ್ಲಾ ಕಡೆ ನುಡಿಸ್ತಾರೆ, ಎಂಥಾ ಉಸಿರು ಅವರದು! ಅದರ ಮುಂದಿನ ವರ್ಷದ ಹುಡುಗ ಮನೇಲಿ ನುಡಿಸ್ಕೋತಾನೆ, ಅದೂ ಬಹಳ ಚೆನ್ನಾಗಿರುತ್ತೆ, ಹೋಗಿ ಕೇಳು. ನನ್ನ ವಿಷಯ ಹೇಳಬೇಕಂದ್ರೆ, ಅವತ್ತು ಗೆದ್ದದ್ದು ಈ ಕೈಯಿ” ಎಂದು ಎಡಗೈ ತೋರಿಸಿ, “ಕೆಲಸಕ್ಕೆ ಹೋಗ್ತಿರೋದು ಈ ಕೈಯಿ” ಎಂದು ಬಲಗೈ ತೋರಿಸಿದಳು. ಹುಡುಗಿ ತಮಾಷೆಯೆಂದು ನಕ್ಕಳು. ಆಮೇಲೆ ನಾನು ಅವಳಿಗೆ ಚಹಾ ತರಿಸಿಕೊಟ್ಟು, ಎಲ್ಲವನ್ನೂ ಮೊದಲಿಂದ ಹೇಳಿದೆ. ಆ ಹುಡುಗಿ ಹೋಗುವಾಗ ಗುಬ್ಬಿಯ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಮಾವನವರಿಗೆ ಎಂಬತ್ತು ದಾಟಿದ ವರ್ಷ ಅವರನ್ನು ಒಂದು ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದೆವು. ಅಷ್ಟರಲ್ಲಿ ಅವರಿಗೆ ಕಿವಿ ಪೂರ್ತಿ ಮಂದವಾಗಿತ್ತು. “ಕೇಳ್ಸಲ್ಲ ಅಂದ್ಮೇಲೆ ನಾನ್ಯಾಕೆ?” ಎಂದು ಗೊಣಗುತ್ತಲೇ ಬಂದರು. ಕಣ್ಣು ಮಾತ್ರ ಡ್ರೈವರ್ ಕಣ್ಣು, ಚುರುಕಾಗಿತ್ತು. ನಮಗೆ ಸಿಕ್ಕಿದ್ದು ಬಾಲ್ಕನಿಯಲ್ಲಿ ಜಾಗ. ಕೆಳಗೆ ವೇದಿಕೆಯ ತುಂಬ ಕಪ್ಪು ಬಟ್ಟೆಯವರು, ಅಷ್ಟು ದೂರದಿಂದ ಯಾರ ಮುಖವೂ ಗೊತ್ತಾಗುತ್ತಿರಲಿಲ್ಲ. ನನ್ನ ಹೆಂಡತಿ ಕತ್ತು ಚಾಚಿ ಚಾಚಿ ತಂಗಿಯನ್ನು ಹುಡುಕುತ್ತಿದ್ದಳು.

ನಿರ್ದೇಶಕರು ಕೈ ಎತ್ತಿದರು. ಪಿಟೀಲುಗಳೆಲ್ಲ ಒಟ್ಟಿಗೆ ಶುರುವಾದವು. ಮೇಲಿನಿಂದ ನೋಡಿದರೆ ಗಾಳಿಗೆ ಬಾಗಿದ ಹುಲ್ಲಿನ ಹಾಗೆ ಕಮಾನುಗಳು ಒಂದೇ ಕಡೆಗೆ ಓಡುತ್ತಿದ್ದವು, ಒಂದೇ ಕಡೆಗೆ ಮರಳುತ್ತಿದ್ದವು. ಹಿಂದಿನ ಮೂಲೆಯಲ್ಲಿ ಒಂದೇ ಒಂದು ಕಮಾನು ಎದುರು ದಿಕ್ಕಿಗೆ ಹೋಗಿ ಎದುರು ದಿಕ್ಕಿನಿಂದ ಬರುತ್ತಿತ್ತು. ತಾಳ ಒಂದೇ, ಸ್ವರ ಒಂದೇ, ಕೂದಲೆಳೆಯಷ್ಟೂ ಹಿಂದುಮುಂದಿಲ್ಲ.

ಮಾವ ನಮಗಿಂತ ಮೊದಲೇ ಕಂಡುಹಿಡಿದಿದ್ದರು. ಪಕ್ಕದಲ್ಲಿ ಕುಳಿತಿದ್ದ ಗುರುತು ಪರಿಚಯವಿಲ್ಲದ ಹೆಂಗಸಿನ ತೋಳು ತಟ್ಟಿ, ಕಿವಿ ಕೇಳದವರು ಮಾತಾಡುವ ಹಾಗೆ ಗಟ್ಟಿಯಾಗಿ ಹೇಳಿದರು:

“ಅಗೋ, ಆ ಮೂಲೇಲಿ! ಒಂದು ಕಮಾನು ಬೇರೆ ಕಡೆಗೆ ಹೋಗ್ತಿದೆಯಲ್ಲ, ಕಾಣ್ತಾ ಇದೆಯಾ? ಅವಳೇ ನನ್ನ ಮಗಳು.”

ಮುಂದಿನ ಸಾಲಿನವರು ತಿರುಗಿ ಶ್ ಎಂದರು. ಆ ಹೆಂಗಸು ಮಾತ್ರ ಮುಂದಕ್ಕೆ ಬಾಗಿ, ಕಾರ್ಯಕ್ರಮ ಮುಗಿಯುವವರೆಗೂ ಆ ಮೂಲೆಯಿಂದ ಕಣ್ಣು ಕೀಳಲಿಲ್ಲ.